ವಿಜ್ಞಾನದ ಬಿಲ್ಲು

ರಾಜ್ಯದ ಬಿಲ್ಲುಗಾರಿಕೆ ತಂಡದಲ್ಲಿ ಉಳಿದದ್ದು ಒಂದೇ ಜಾಗ. ಅದಕ್ಕೆ ಬಂದವರು ಇಬ್ಬರು: ತರಬೇತುದಾರರ ಶಿಷ್ಯ ನಿಶ್ಚಲ್, ಕಾಡಿನ ಸೋಲಿಗರ ಹುಡುಗಿ ಕೇತಮ್ಮ.

ತರಬೇತುದಾರರು ಮೂರು ದಿನ ಲ್ಯಾಪ್‌ಟಾಪ್ ಹಿಡಿದು ಹದಗೊಳಿಸಿದ ಬಿಲ್ಲಿನಿಂದ ನಿಶ್ಚಲ್ ಬಿಟ್ಟ ಹತ್ತೂ ಬಾಣಗಳು ಗುರಿಯಿಂದ ಎರಡು ಮೊಳ ಎಡಕ್ಕೆ ಹೋದವು.

“ಬಾಣ ಒಸಿ ಹೆರ್ದು ಬುಟ್ಟು ನೋಡಿ ಸಾ. ಸರಿ ಹೋಗ್ನಿಲ್ವಾ, ಇನ್ನೊಸಿ ಹೆರೀರಿ. ನಮ್ಮಜ್ಜ ಹಂಗೇ ಕಲ್ಸಿದ್ದು,” ಎಂದಳು ಕೇತಮ್ಮ.

“ಅದು ಕುರುಡಾಟ ಕಣಮ್ಮ. ಇದು ವಿಜ್ಞಾನ!” ಎಂದರು ತರಬೇತುದಾರರು.

ಚೂರಿಯಲ್ಲಿ ಹೆರೆದ ತನ್ನ ಹತ್ತು ಬಾಣಗಳನ್ನು ಕೇತಮ್ಮ ಬಿಟ್ಟಳು. ಹತ್ತೂ ಗುರಿಹಲಗೆಯ ನಟ್ಟನಡುವೆ ನಾಟಿದವು.

“ಈಗೇನಂದೀರಿ ಸಾ?”

ತರಬೇತುದಾರರು ಲ್ಯಾಪ್‌ಟಾಪನ್ನು ಮತ್ತೊಮ್ಮೆ ನೋಡಿ ಅಂಕ ಬರೆಯುವ ಸಹಾಯಕರನ್ನು ಕೂಗಿದರು: “ಬಿಲ್ಲು ಸರಿಯಿದೆ, ಬಾಣ ಸರಿಯಿದೆ. ಹಲಗೆ ಇಟ್ಟಿರೋ ಜಾಗವೇ ತಪ್ಪು. ನಿಶ್ಚಲ್‌ಗೆ ಹತ್ತಕ್ಕೆ ಹತ್ತು ಹಾಕ್ರಿ, ಈಯಮ್ಮಂಗೆ ಸೊನ್ನೆ.”