ಅಪ್ಪನ ಹೊಸ ಹಲ್ಲು

ಲವಂಗದೆಣ್ಣೆಯ ವಾಸನೆ ಬಂದರೆ ಈಗಲೂ ನನಗೆ ಯುದ್ಧಕಾಲದ ಮುಳಬಾಗಿಲಿನ ಆ ಮಧ್ಯಾಹ್ನ ನೆನಪಾಗುತ್ತದೆ.

ನಾಗಸ್ವರ ಊದುವುದೇ ಅಪ್ಪನ ಕಸುಬು. ಹಲ್ಲೆಲ್ಲ ಕೀಳಿಸಿ, ಕೋಲಾರದಲ್ಲಿ ಹೊಸ ಸೆಟ್ಟು ಕಟ್ಟಿಸಿಕೊಂಡು ಬಂದಿದ್ದರು. ಹುಣ್ಣಾದ ವಸಡಿಗೆ ಅಮ್ಮ ಎಣ್ಣೆ ಹಚ್ಚಿದಳು. ಅಪ್ಪ ನಾಗಸ್ವರವನ್ನು ತುಟಿಗಿಟ್ಟು ಊದಿದರು. ಕೆಳಗಿನ ಸಾಲು ಎದ್ದುಬಂತು. ಬರೀ ಗಾಳಿ ಹೊರಟಿತು.

"ಅಭ್ಯಾಸ ಆಗ್ತದೆ, ಬಿಡಿ" ಎಂದಳು ಅಮ್ಮ.

"ನಾಡಿದ್ದೇ ಗೌನಿಪಲ್ಲೀಲಿ ಮುಹೂರ್ತ ಕಣೇ. ತಾಳಿ ಕಟ್ಟೋವಾಗ ಏನ್ ಊದ್ಲಿ?"

ಹಲ್ಲು ತೆಗೆದಿಟ್ಟು ಬರಿ ವಸಡಿನಲ್ಲೇ ಮತ್ತೆ ಊದಿದರು. ಎಂಜಲಿನ ಜೊತೆ ರಕ್ತ ಸೋರಿತು.

ಕೊನೆಗೆ ವಾದ್ಯವನ್ನು ನನ್ನ ಕೈಗಿಟ್ಟು, "ನೀನಾದ್ರೂ ಊದಮ್ಮ, ಒಂದ್ ಸ್ವರ ಬರ್ಲಿ" ಎಂದರು.

ಹೆಣ್ಣುಮಕ್ಕಳು ಅದನ್ನು ಮುಟ್ಟಬಾರದೆನ್ನುತ್ತಿದ್ದ ಅಮ್ಮ, ಅಂದು ಗೋಡೆಯತ್ತ ಮುಖ ತಿರುಗಿಸಿಕೊಂಡಳು.