ಕೊನೆಯ ಪ್ರತಿ

ಡ್ರ್ಯಾಗನ್ ಸರಣಿಯ ಮೂರನೇ ಭಾಗ ಬಂದಿದೆ ಎಂದು ಗೊತ್ತಾದದ್ದೇ ತಡ, ಮೇದಿನಿ ಟ್ಯೂಷನ್‌ಗೆ ಚಕ್ಕರ್ ಹೊಡೆದು ಪುಸ್ತಕದಂಗಡಿಗೆ ಓಡಿದಳು. ಅಷ್ಟರಲ್ಲಾಗಲೇ ಉಳಿದಿದ್ದ ಒಂದೇ ಒಂದು ಪ್ರತಿ ಯಾರೋ ಅಜ್ಜಿಯ ಕೈ ಸೇರಿತ್ತು. ಇನ್ನು ಬರುವುದು ಮುಂದಿನ ತಿಂಗಳೇ ಎಂದ ಅಂಗಡಿಯವನು. ಮೇದಿನಿಯೋ ವರ್ಷವಿಡೀ ಕಾದಿದ್ದವಳು.

ಮೆಲ್ಲಗೆ ಅಜ್ಜಿಯ ಪಕ್ಕಕ್ಕೆ ಸರಿದು ಕೇಳಿದಳು, “ಮೊಮ್ಮಗಳಿಗಾ ಅಜ್ಜಿ?”

“ಒಬ್ಬರಿಗೆ ಕೊಡೋದಕ್ಕೇ ತಗೊಳ್ತಿರೋದು.”

“ಅಯ್ಯೋ, ಬೇಡ ಬಿಡಿ. ಕೊನೇಲಿ ಪಾಪ ರಾಜಕುಮಾರಿ ಸತ್ತೇ ಹೋಗ್ತಾಳಂತೆ. ಓದಿದ ನನ್ನ ಫ್ರೆಂಡ್ ಊಟಾನೇ ಬಿಟ್ಟಿದಾಳೆ.”

ಸುಳ್ಳು ಇಷ್ಟು ಸಲೀಸಾಗಿ ಬಾಯಿಗೆ ಬಂದದ್ದು ಕಂಡು ಅವಳಿಗೇ ಹೆಮ್ಮೆಯೆನಿಸಿತು. ಅಜ್ಜಿಯ ಮುಖ ಸಪ್ಪಗಾಯಿತು. ಪುಸ್ತಕವನ್ನು ಮೇಜಿನ ಮೇಲಿಟ್ಟರು. ಮೇದಿನಿ ಕೈ ಚಾಚುವಷ್ಟರಲ್ಲಿ ಆ ಕೈಯನ್ನೇ ಹಿಡಿದುಕೊಂಡು ಮಮತೆಯಿಂದ ಸವರಿದರು.

“ಯಾರೋ ನಿನಗೆ ಸುಳ್ಳು ಹೇಳಿದಾರೆ ಕಣೇ ಪುಟ್ಟಿ. ನಾನು ನಿನ್ನೇನೇ ಒಂದು ತಗೊಂಡು ಹೋಗಿ ಓದಿ ಮುಗಿಸಿದೆ, ಇದು ನನ್ನ ತಂಗಿಗೆ. ರಾಜಕುಮಾರಿಗೆ ಏನೂ ಆಗಲ್ಲ, ನೀನು ಹೊಟ್ಟೆ ತುಂಬಾ ಉಣ್ಣು. ಸಾಯೋದು ಅವಳ ಡ್ರ್ಯಾಗನ್ನು.”