ಇಟ್ಟಿಗೆಯ ಮೇಲಿನ ಜೀಪು

"ಅಕ್ಕಾ, ಕಾಲು ಬಿಡೇ! ಇನ್ನೊಂದೇ ನಟ್ಟು ಬಾಕಿ," ಎಂದು ತಂಗಿ ಜೀಪಿನಡಿಯಿಂದ ಕೂಗಿದಳು. ಅಕ್ಕ ಕೇಳಲಿಲ್ಲ. ಎರಡೂ ಕಾಲು ಹಿಡಿದು ದರದರನೆ ಹೊರಗೆಳೆದಳು.

ಗುಡ್ಡದ ಮನೆಗಳಿಗೆ ತಂಗಿ ನೀರಿನ ಕ್ಯಾನು ಸಾಗಿಸುವ ಹಳೆಯ ಜೀಪು ಅದು. ದಾರಿಯ ಕಲ್ಲುಗಳಿಗೆ ಅದರ ಹೊಟ್ಟೆ ಉಜ್ಜುತ್ತಿತ್ತು. ಎತ್ತರಿಸೋಣವೆಂದು ಗುಜರಿಯಿಂದ ದಪ್ಪನೆಯ ಸ್ಪ್ರಿಂಗ್ ಪಟ್ಟಿಗಳನ್ನು ತಂದಿದ್ದಳು. ಗ್ಯಾರೇಜಿನ ಖರ್ಚು ಉಳಿಸಲು ಅಂಗಳದಲ್ಲೇ ಗಾಲಿ ಕಳಚಿ, ಜೀಪನ್ನು ಇಟ್ಟಿಗೆಗಳ ಮೇಲೆ ನಿಲ್ಲಿಸಿ, ಆ ಪಟ್ಟಿಗಳನ್ನು ತಾನೇ ಕೂರಿಸುತ್ತಿದ್ದಳು. ಬಟ್ಟೆ ಒಣಹಾಕಲು ಬಂದ ಅಕ್ಕನಿಗೆ ಕಂಡದ್ದು, ತಳದ ಇಟ್ಟಿಗೆಯಿಂದ ಸಣ್ಣಗೆ ಸುರಿಯುತ್ತಿದ್ದ ಕೆಂಪು ಪುಡಿ.

"ನಿನಗೇನು ತಲೆ ಕೆಟ್ಟಿದೆಯಾ? ಬೆನ್ನೆಲ್ಲಾ ತರಚಿಹೋಯ್ತು!" ತಂಗಿ ಎದ್ದು ಕೂತು ರೇಗುತ್ತಿದ್ದಂತೆಯೇ ಇಟ್ಟಿಗೆ ಒಡೆದು, ಜೀಪು ಧಡಾರನೆ ಕುಸಿಯಿತು. ಈಗಷ್ಟೇ ಅವಳ ತಲೆ ಇದ್ದ ಜಾಗದಲ್ಲಿ ಕಬ್ಬಿಣ ನೆಲಕ್ಕೆ ಕಚ್ಚಿಕೊಂಡಿತ್ತು.

ಅಕ್ಕ ಚಟೀರನೆ ತಂಗಿಯ ಕೆನ್ನೆಗೆ ಬಾರಿಸಿದಳು. ಎಂದೂ ಕೈಯೆತ್ತದವಳು. ಆಮೇಲೆ ಅದೇ ಕೈಯಿಂದ ಅವಳ ನೆತ್ತಿ, ಹಣೆ, ಕಿವಿಗಳನ್ನು ಒಂದೊಂದಾಗಿ ಮುಟ್ಟಿ ನೋಡತೊಡಗಿದಳು.